ಪ್ರಾಚೀನ ಇಸ್ರಾಯೇಲರ ಯಾಜಕದೀಕ್ಷೆಯಲ್ಲಿ ರಕ್ತದ ಸಂಕೇತ

ದೀಕ್ಷೆಯೆಂಬುದು ಯಾವುದೇ ಒಂದು ಧರ್ಮಕ್ಕೆ ಮಾತ್ರ ಸೇರಿದ ವಿಷಯವಲ್ಲ. ಮನುಷ್ಯನೊಬ್ಬನನ್ನು ಲೋಕದ ವ್ಯವಹಾರದಿಂದ ಬೇರ್ಪಡಿಸಿ ದೇವರ ಸೇವೆಗೆ ಮೀಸಲಾಗಿಸುವ ಸಂಸ್ಕಾರವು ಪ್ರಪಂಚದ ಅನೇಕ ಪ್ರಾಚೀನ ಜನಾಂಗಗಳಲ್ಲಿ ಒಂದಿಲ್ಲೊಂದು ರೂಪದಲ್ಲಿ ಕಂಡುಬರುತ್ತದೆ. ನೀರಿನಿಂದ ಶುದ್ಧಿಗೊಳಿಸುವುದು, ತಲೆಯ ಮೇಲೆ ತೈಲವನ್ನು ಎರೆಯುವುದು, ಹೊಸ ವಸ್ತ್ರಗಳನ್ನು ತೊಡಿಸುವುದು, ಗೊತ್ತಾದ ದಿನಗಳವರೆಗೆ ಒಂದೇ ಸ್ಥಳದಲ್ಲಿ ಇರಿಸುವುದು ಇವೇ ಮುಂತಾದವು ಅದರ ಅಂಗಗಳು. ನಮ್ಮ ಮಠಗಳ ಪಟ್ಟಾಧಿಕಾರ ಸಮಾರಂಭಗಳನ್ನು ಕಂಡಿರುವ ವಾಚಕರಿಗೆ ಇವುಗಳಲ್ಲಿ ಕೆಲವಾದರೂ ಅಪರಿಚಿತವೆನಿಸಲಾರವು. ಪ್ರಾಚೀನ ಇಸ್ರಾಯೇಲರಲ್ಲಿಯೂ ಇವೆಲ್ಲವೂ ಇದ್ದವು. ಆದರೆ ಇವುಗಳ ಜೊತೆಗೆ ಇನ್ನೊಂದು ದ್ರವ್ಯವೂ ಅಲ್ಲಿ ಬಳಕೆಯಾಗುತ್ತಿತ್ತು, ಅದು ರಕ್ತ. ಬಲಿಯಾದ ಟಗರಿನ ರಕ್ತವನ್ನು ದೀಕ್ಷೆ ಪಡೆಯುವವನ ಬಲಗಿವಿಯ ತುದಿಗೂ, ಬಲಗೈಯ ಹೆಬ್ಬೆರಳಿಗೂ, ಬಲಗಾಲಿನ ಹೆಬ್ಬೆರಳಿಗೂ ಹಚ್ಚಬೇಕೆಂದು ಅವರ ಶಾಸ್ತ್ರವು ವಿಧಿಸುತ್ತದೆ.

ರಕ್ತವೆಂಬ ಮಾತನ್ನು ಕೇಳಿದೊಡನೆ, ಪ್ರಾಣಿಬಲಿಯನ್ನು ನಿರಾಕರಿಸಿದ ಶರಣರ ಪರಂಪರೆಯಲ್ಲಿ ಬೆಳೆದ ನಮ್ಮ ಮನಸ್ಸು ಹಿಂಜರಿಯುವುದು ಸಹಜವೇ ಆಗಿದೆ. ಇಸ್ರಾಯೇಲಿನ ಪ್ರವಾದಿಗಳಲ್ಲಿಯೇ ಆಮೋಸ, ಹೋಶೇಯ, ಯೆಶಾಯ, ಮೀಕ ಮೊದಲಾದವರು ಕ್ರಿ.ಪೂ. ಎಂಟನೆಯ ಶತಮಾನದಷ್ಟು ಹಿಂದೆಯೇ, ನ್ಯಾಯವಿಲ್ಲದ ಬಲಿಗಳಿಂದ ದೇವರಿಗೆ ತೃಪ್ತಿಯಿಲ್ಲವೆಂದು ಕಠೋರವಾಗಿ ನುಡಿದಿದ್ದಾರೆ. ಆದರೂ ಒಂದು ಆಚರಣೆಯನ್ನು ಒಪ್ಪದಿರುವುದು ಬೇರೆ, ಅದರ ಅರ್ಥವನ್ನು ತಿಳಿಯದಿರುವುದು ಬೇರೆ. ಕಿವಿ, ಕೈ, ಕಾಲುಗಳ ಮೇಲಿನ ಆ ಮೂರು ಬೊಟ್ಟುಗಳ ಅರ್ಥವನ್ನು ಹುಡುಕುತ್ತ ಹೋದವರಿಗೆ ತೀರ ಅನಿರೀಕ್ಷಿತನಾದ ಒಬ್ಬ ವ್ಯಕ್ತಿ ಎದುರಾಗುತ್ತಾನೆ. ಅವನ ವಿಚಾರವು ಮುಂದೆ ಬರುತ್ತದೆ. ಮೊದಲು ವಿಧಿಯನ್ನು ನೋಡೋಣ.

ಯೆಹೂದ್ಯರ ತೋರಾ ಗ್ರಂಥದಲ್ಲಿ ಈ ದೀಕ್ಷೆಯು ಎರಡು ಕಡೆ ಬಂದಿದೆ. ಕನ್ನಡ ಬೈಬಲ್ಲಿನಲ್ಲಿ ವಿಮೋಚನಕಾಂಡವೆಂದು ಹೆಸರಾದ ಭಾಗದ ೨೯ನೆಯ ಅಧ್ಯಾಯದಲ್ಲಿ ಅದರ ಅಪ್ಪಣೆಯಿದೆ. ಯಾಜಕಕಾಂಡದ ೮ನೆಯ ಅಧ್ಯಾಯದಲ್ಲಿ ಅದರ ಆಚರಣೆಯಿದೆ. ಈಜಿಪ್ತಿನ ದಾಸ್ಯದಿಂದ ಹೊರಬಂದ ಜನರು ಸೀನಾಯಿ ಬೆಟ್ಟದ ಬುಡದಲ್ಲಿ ಬೀಡುಬಿಟ್ಟಿದ್ದಾಗ, ಮೋಶೆಯು ತನ್ನ ಅಣ್ಣನಾದ ಆರೋನನನ್ನೂ ಅವನ ನಾಲ್ವರು ಮಕ್ಕಳನ್ನೂ ಯಾಜಕರನ್ನಾಗಿ ಪ್ರತಿಷ್ಠಿಸಿದನೆಂಬುದು ಅಲ್ಲಿನ ಕಥನ. ಈ ಪಾಠವು ಯಾವ ಕಾಲದ್ದೆಂಬ ವಿಷಯದಲ್ಲಿ ವಿದ್ವಾಂಸರು ಒಂದು ಶತಮಾನಕ್ಕೂ ಮೀರಿ ವಾದಿಸುತ್ತ ಬಂದಿದ್ದಾರೆ. ಇಂತಹ ಯಾಜಕವಿಧಿಗಳೆಲ್ಲ ಬಾಬಿಲೋನಿನ ಸೆರೆವಾಸಕ್ಕಿಂತ ಈಚಿನವೆಂದು, ಎಂದರೆ ಸ್ಥೂಲವಾಗಿ ಕ್ರಿ.ಪೂ. ಆರು-ಐದನೆಯ ಶತಮಾನದವೆಂದು ಜರ್ಮನಿಯ ಜೂಲಿಯಸ್ ವೆಲ್‌ಹೌಸನ್ನರು ೧೮೭೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಾಧಿಸಹೊರಟರು. ಅಮೆರಿಕದ ಯೆಹೂದಿ ವಿದ್ವಾಂಸರಾದ ಜೇಕಬ್ ಮಿಲ್‌ಗ್ರೋಮ್‌ರಂತಹವರು ಅವು ಸೆರೆವಾಸಕ್ಕೆ ಮೊದಲಿನವೇ ಎನ್ನುತ್ತಾರೆ. ಬರಹದ ಕಾಲವು ಏನೇ ಇರಲಿ, ರಕ್ತವನ್ನು ಬಳಿಯುವ ಆಚರಣೆಯಂತೂ ಬಹಳ ಹಳೆಯದು. ಅದಕ್ಕೆ ಇಸ್ರಾಯೇಲಿನ ಹೊರಗಿನ ಸಾಕ್ಷ್ಯವೇ ಉಂಟು.

ವಿಧಿಯು ನಡೆಯುವುದು ದೇವದರ್ಶನದ ಗುಡಾರದ ಬಾಗಿಲಿನಲ್ಲಿ, ಇಡೀ ಸಮುದಾಯದ ಎದುರಿನಲ್ಲಿ. ಮೊದಲು ಐವರನ್ನೂ ನೀರಿನಿಂದ ತೊಳೆಯಲಾಗುತ್ತದೆ. ಆರೋನನಿಗೆ ನಿಲುವಂಗಿ, ನಡುಕಟ್ಟು, ಎದೆಪದಕ, ಮುಂಡಾಸ, ಅದರ ಮುಂಭಾಗಕ್ಕೆ ಬಂಗಾರದ ಪಟ್ಟಿ ಇವನ್ನು ತೊಡಿಸಲಾಗುತ್ತದೆ. ಗುಡಾರಕ್ಕೂ ಯಜ್ಞವೇದಿಗೂ ತೈಲವನ್ನು ಹಚ್ಚಿ, ಆರೋನನ ತಲೆಯ ಮೇಲೆ ತೈಲವನ್ನು ಎರೆಯಲಾಗುತ್ತದೆ. ಆ ಬಳಿಕ ಮೂರು ಪಶುಗಳು ಬರುತ್ತವೆ: ಒಂದು ಹೋರಿ, ಎರಡು ಟಗರು. ಹೋರಿಯ ರಕ್ತವನ್ನು ಮೋಶೆಯು ಬೆರಳಿನಿಂದ ವೇದಿಯ ನಾಲ್ಕು ಕೊಂಬುಗಳಿಗೆ ಹಚ್ಚಿ, ಉಳಿದುದನ್ನು ಅದರ ಬುಡಕ್ಕೆ ಸುರಿಯುತ್ತಾನೆ. ಮೊದಲನೆಯ ಟಗರನ್ನು ಪೂರ್ತಿಯಾಗಿ ಹೋಮ ಮಾಡಿ, ಅದರ ರಕ್ತವನ್ನು ವೇದಿಯ ಸುತ್ತಲೂ ಎರಚುತ್ತಾನೆ. ಎರಡನೆಯದೇ ದೀಕ್ಷೆಯ ಟಗರು. ಅದರ ರಕ್ತವು ಮೊದಲು ಆರೋನನ, ಅನಂತರ ಅವನ ಮಕ್ಕಳ ಬಲಗಿವಿಗೆ, ಬಲಗೈಗೆ, ಬಲಗಾಲಿಗೆ ಹತ್ತುತ್ತದೆ. ಉಳಿದುದು ವೇದಿಗೆ. ಕೊನೆಗೆ, ವೇದಿಯ ಮೇಲಿದ್ದ ಆ ರಕ್ತವನ್ನೇ ಮತ್ತೆ ತೆಗೆದುಕೊಂಡು, ತೈಲದೊಡನೆ ಸೇರಿಸಿ, ಐವರ ಮೈಮೇಲೂ ಅವರ ಉಡುಪಿನ ಮೇಲೂ ಸಿಂಪಡಿಸಲಾಗುತ್ತದೆ.

ಈ ಚಲನೆಯನ್ನು ವಾಚಕರು ಸೂಕ್ಷ್ಮವಾಗಿ ಗಮನಿಸಬೇಕು. ಪಶುವಿನಿಂದ ಹೊರಟ ರಕ್ತವು ಮನುಷ್ಯನನ್ನು ಮುಟ್ಟಿ, ವೇದಿಯನ್ನು ಸೇರಿ, ವೇದಿಯಿಂದ ಮರಳಿ ಮನುಷ್ಯನಿಗೆ ಬರುತ್ತದೆ. ಮೊದಲ ಸಲ ಹತ್ತಿದ್ದು ಬರಿಯ ಟಗರಿನ ರಕ್ತ. ಎರಡನೆಯ ಸಲ ಬಂದದ್ದು ದೇವರ ವೇದಿಯನ್ನು ಮುಟ್ಟಿ ಬಂದ ರಕ್ತ. ಸೀನಾಯಿಯಲ್ಲಿ ದೇವರಿಗೂ ಜನರಿಗೂ ಒಡಂಬಡಿಕೆಯಾದಾಗ ಮೋಶೆಯು ಅರ್ಧ ರಕ್ತವನ್ನು ವೇದಿಗೂ ಉಳಿದರ್ಧವನ್ನು ಜನರ ಮೇಲೂ ಚೆಲ್ಲಿದನೆಂದು ವಿಮೋಚನಕಾಂಡದ ೨೪ನೆಯ ಅಧ್ಯಾಯವು ಹೇಳುತ್ತದೆ. ಎರಡು ಪಕ್ಷಗಳನ್ನು ಬೆಸೆಯುವ ಬಂಧದ್ರವ್ಯವಾಗಿ ರಕ್ತವು ಎರಡೂ ಕಡೆ ಕೆಲಸ ಮಾಡುತ್ತಿದೆ.

ಈ ಟಗರಿಗೆ ಹೀಬ್ರೂ ಭಾಷೆಯಲ್ಲಿರುವ ಹೆಸರು ‘ಮಿಲ್ಲುಯೀಮ್’ ಎಂಬ ಪದದಿಂದ ಬಂದದ್ದು. ಅದರ ಮೂಲಾರ್ಥ ‘ತುಂಬುವುದು’. ಯಾಜಕನನ್ನು ನೇಮಿಸುವುದಕ್ಕೆ ‘ಕೈ ತುಂಬುವುದು’ ಎಂಬುದೇ ಹೀಬ್ರೂವಿನ ನುಡಿಗಟ್ಟು. ವಿಧಿಯಲ್ಲಿ ಅದು ಅಕ್ಷರಶಃ ನಡೆಯುತ್ತದೆ: ಟಗರಿನ ಕೊಬ್ಬು, ಬಲದೊಡೆ, ಹುಳಿಯಿಲ್ಲದ ರೊಟ್ಟಿಗಳು ಇವನ್ನು ದೀಕ್ಷಿತರ ಕೈಗಳಲ್ಲಿ ಇರಿಸಿ, ನೈವೇದ್ಯವಾಗಿ ನಿವಾಳಿಸಿ, ಅನಂತರ ಅಗ್ನಿಗೆ ಅರ್ಪಿಸಲಾಗುತ್ತದೆ.

ರಕ್ತಕ್ಕೆ ಈ ಸ್ಥಾನವೇಕೆ? ಇದಕ್ಕೆ ತೋರಾ ಗ್ರಂಥವೇ ಕೊಡುವ ಉತ್ತರ ಸ್ಪಷ್ಟವಾಗಿದೆ. ದೇಹಿಯ ಜೀವವು ರಕ್ತದಲ್ಲಿದೆ, ಜೀವವು ದೇವರದು, ಆದುದರಿಂದ ರಕ್ತವು ದೇವರದು. ಮಾಂಸಾಹಾರಿಗಳಾಗಿದ್ದ ಈ ಜನರು ರಕ್ತವನ್ನು ಮಾತ್ರ ತುಟಿಗೆ ತಾಕಿಸಬಾರದಾಗಿತ್ತು. ಬೇಟೆಯಲ್ಲಿ ಸಿಕ್ಕ ಮೃಗದ ರಕ್ತವನ್ನು ಸಹ ನೆಲಕ್ಕೆ ಸುರಿದು ಮಣ್ಣು ಮುಚ್ಚಬೇಕಾಗಿತ್ತು. ಆದಕಾರಣ ರಕ್ತವು ಅವರಿಗೆ ಮರಣದ ಚಿಹ್ನೆಯಾಗಿರಲಿಲ್ಲ, ಜೀವದ ಚಿಹ್ನೆಯಾಗಿತ್ತು. ಪಶುವನ್ನು ಕೊಯ್ಯುವ ಸಂಗತಿಯನ್ನು ಶಾಸ್ತ್ರವು ಒಂದೆರಡು ಮಾತುಗಳಲ್ಲಿ ಮುಗಿಸಿ, ರಕ್ತವನ್ನು ಎಲ್ಲಿ, ಹೇಗೆ, ಎಷ್ಟು ಸಲ ಹಚ್ಚಬೇಕೆಂಬುದನ್ನು ವಿಸ್ತಾರವಾಗಿ ಹೇಳುತ್ತದೆ. ಸಾಮಾನ್ಯ ಬಲಿಗಳಲ್ಲಿ ಪಶುವನ್ನು ತಂದವನೇ ಕೊಯ್ಯಬಹುದಾಗಿತ್ತು. ಯಾಜಕನ ಕೆಲಸ ಮೊದಲಾಗುತ್ತಿದ್ದುದು ರಕ್ತವನ್ನು ಕೈಗೆ ತೆಗೆದುಕೊಂಡಾಗ.

ಆಧುನಿಕ ಕಾಲದಲ್ಲಿ ಈ ವಿಷಯವನ್ನು ಶಾಸ್ತ್ರೀಯವಾಗಿ ವಿವೇಚಿಸಿದವರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ರಾಬರ್ಟ್‌ಸನ್ ಸ್ಮಿತ್ತರು ಅಗ್ರಗಣ್ಯರು. ಬೈಬಲ್ಲನ್ನು ಇತಿಹಾಸದ ದೃಷ್ಟಿಯಿಂದ ಪರಿಶೀಲಿಸಿದ ‘ಅಪರಾಧ’ಕ್ಕಾಗಿ ತಮ್ಮ ಚರ್ಚಿನ ವಿಚಾರಣೆಗೆ ಒಳಗಾಗಿ, ೧೮೮೧ರಲ್ಲಿ ಅಬರ್ಡೀನಿನ ಪ್ರಾಧ್ಯಾಪಕ ಪದವಿಯನ್ನು ಕಳೆದುಕೊಂಡ ಧೀರರು ಅವರು. ೧೮೮೯ರಲ್ಲಿ ಪ್ರಕಟವಾದ, ಸೆಮಿಟಿಕ್ ಜನರ ಧರ್ಮವನ್ನು ಕುರಿತ ಅವರ ಉಪನ್ಯಾಸಗಳ ಪ್ರಕಾರ, ಬಲಿಯು ಮೂಲತಃ ದೇವರಿಗೆ ಕೊಡುವ ಕಾಣಿಕೆಯಲ್ಲ. ದೇವರೂ ಕುಲದವರೂ ಒಂದೇ ಜೀವವನ್ನು ಹಂಚಿಕೊಳ್ಳುವ ಬಂಧುತ್ವದ ಕ್ರಿಯೆ. ಮಿಲ್‌ಗ್ರೋಮ್‌ರದು ಬೇರೆಯೇ ದಾರಿ. ಯಾಜಕಕಾಂಡವನ್ನು ಕುರಿತು ೧೯೯೧ರಿಂದ ಹೊರಬಂದ ಅವರ ಬೃಹತ್ ವ್ಯಾಖ್ಯಾನದ ಪ್ರಕಾರ ರಕ್ತವು ಮಲಿನವನ್ನು ತೊಳೆಯುವ ದ್ರವ್ಯ. ಜನರ ಪಾಪವೂ ಅಶೌಚವೂ ದೂರದಿಂದಲೇ ದೇವಾಲಯಕ್ಕೆ ಅಂಟಿಕೊಳ್ಳುತ್ತವೆ. ಅವನ್ನು ತೆಗೆಯಲು ಜೀವದ ಸಾರವಾದ ರಕ್ತವೇ ಬೇಕು. ಆದ್ದರಿಂದಲೇ ಪಾಪಪರಿಹಾರದ ಬಲಿಯ ರಕ್ತವನ್ನು ಪಾಪ ಮಾಡಿದವನ ಮೈಗೆ ಹಚ್ಚದೆ ವೇದಿಗೆ ಹಚ್ಚುತ್ತಿದ್ದರೆಂದು ಅವರು ತೋರಿಸಿಕೊಟ್ಟರು.

ಈ ಎರಡನೆಯ ಮತಕ್ಕೆ ಹಿತ್ತೀಯರ ಮಣ್ಣಿನ ಹಲಗೆಗಳಿಂದ ಬಲ ಬಂದಿದೆ. ಈಗಿನ ತುರ್ಕಿಯಲ್ಲಿರುವ ಬೊಗಾಜ್‌ಕೊಯ್ ಎಂಬಲ್ಲಿ ೧೯೦೬ರಿಂದ ನಡೆದ ಉತ್ಖನನಗಳಲ್ಲಿ ಹಿತ್ತೀಯರ ರಾಜಧಾನಿಯಾದ ಹತ್ತೂಶದ ಗ್ರಂಥಭಂಡಾರವೇ ದೊರೆಯಿತು. ಅದರಲ್ಲಿರುವ ಒಂದು ವಿಧಿಯಲ್ಲಿ ಹೊಸದಾಗಿ ಪ್ರತಿಷ್ಠಿಸಿದ ದೇವತೆಯ ಬಂಗಾರದ ವಿಗ್ರಹಕ್ಕೂ ಗುಡಿಯ ಗೋಡೆಗೂ ಪೂಜೆಯ ಪಾತ್ರೆಗಳಿಗೂ ರಕ್ತವನ್ನು ಬಳಿದು ಶುದ್ಧಿಗೊಳಿಸುವ ವಿವರವಿದೆ. ಇನ್ನೊಂದರಲ್ಲಿ ಹೆರಿಗೆಯ ಪೀಠದ ಗೂಟಗಳಿಗೆ ಹಕ್ಕಿಗಳ ರಕ್ತವನ್ನು ಹಚ್ಚಲಾಗುತ್ತದೆ. ಇವು ಕ್ರಿ.ಪೂ. ಹದಿನಾಲ್ಕು-ಹದಿಮೂರನೆಯ ಶತಮಾನದ ದಾಖಲೆಗಳು. ೨೦೧೧ರಲ್ಲಿ ಯಿಟ್ಜಾಕ್ ಫೆಡರ್ ಎಂಬ ವಿದ್ವಾಂಸರು ಇವನ್ನೂ ಇಸ್ರಾಯೇಲಿನ ವಿಧಿಗಳನ್ನೂ ಒಂದು ಗ್ರಂಥದಲ್ಲಿ ಹೋಲಿಸಿ, ಎರಡಕ್ಕೂ ಐತಿಹಾಸಿಕ ಸಂಬಂಧವಿದೆಯೆಂದು ಪ್ರತಿಪಾದಿಸಿದರು. ಸಿರಿಯದ ಏಮಾರ್ ನಗರದಲ್ಲಿ ದೊರೆತ, ಅದೇ ಯುಗದ ಹಲಗೆಗಳಲ್ಲಿ ಮಳೆ-ಗುಡುಗಿನ ದೇವತೆಯ ಪ್ರಧಾನ ಅರ್ಚಕಿಗೆ ತಲೆಯ ಮೇಲೆ ತೈಲವನ್ನೆರೆದು ಪಟ್ಟಗಟ್ಟುವ ವರ್ಣನೆಯಿದೆ. ಅಲ್ಲಿಯ ಬೇರೊಂದು ಉತ್ಸವದಲ್ಲಿ ನೆಟ್ಟ ಕಲ್ಲುಗಳಿಗೆ ತೈಲವನ್ನೂ ರಕ್ತವನ್ನೂ ಹಚ್ಚುತ್ತಿದ್ದರು. ಮೆಸೊಪೊಟೇಮಿಯದಲ್ಲಾದರೋ ರಕ್ತಕ್ಕೆ ಇಂತಹ ಪ್ರಾಧಾನ್ಯವಿಲ್ಲ. ಬಾಬಿಲೋನಿನ ಹೊಸವರ್ಷದ ಹಬ್ಬದಲ್ಲಿ ತಲೆ ಕಡಿದ ಟಗರಿನ ದೇಹವನ್ನೇ ಗುಡಿಗೆ ಒರೆಸಿ, ಅನಂತರ ಅದನ್ನು ನದಿಗೆ ಎಸೆಯುತ್ತಿದ್ದರು. ನೆರೆಯ ಜನಾಂಗಗಳಲ್ಲಿಯೂ ಈ ವಿಷಯದಲ್ಲಿ ಇಷ್ಟು ಅಂತರ!

ಗೋಡೆ, ವೇದಿ, ಪಾತ್ರೆಗಳ ಮಾತಾಯಿತು. ಆದರೆ ಮನುಷ್ಯನ ಮೈಗೆ, ಅದರಲ್ಲಿಯೂ ಆ ಮೂರೇ ಸ್ಥಳಗಳಿಗೆ ಹಚ್ಚುವುದೇಕೆ? ಇದನ್ನು ತಿಳಿಯಬೇಕಾದರೆ ವೇದಿಯ ಕೊಂಬುಗಳನ್ನು ಒಮ್ಮೆ ನೋಡಬೇಕು. ಇವು ಪಶುವಿನ ಕೊಂಬುಗಳಲ್ಲ. ಕಲ್ಲಿನ ವೇದಿಯ ನಾಲ್ಕು ಮೂಲೆಗಳಲ್ಲಿ ಮೇಲಕ್ಕೆ ಚಾಚಿದ ಮೊನೆಗಳು. ೧೯೭೩ರಲ್ಲಿ ಯೋಹಾನನ್ ಅಹರೋನಿಯವರು ದಕ್ಷಿಣ ಇಸ್ರಾಯೇಲಿನ ಬೇರ್ಷೆಬ ದಿಬ್ಬದಲ್ಲಿ ಉತ್ಖನನ ನಡೆಸುತ್ತಿದ್ದಾಗ, ಉಗ್ರಾಣವೊಂದರ ಗೋಡೆಯಲ್ಲಿ ಇಂತಹ ವೇದಿಯ ಬಿಡಿಗಲ್ಲುಗಳು ಸಿಕ್ಕಿದವು. ಯಾವುದೋ ಕಾಲದಲ್ಲಿ ವೇದಿಯನ್ನು ಕೆಡವಿ, ಅದರ ಕಲ್ಲುಗಳನ್ನು ಮನೆಗೆಲಸದ ಕಲ್ಲುಗಳಂತೆ ಗೋಡೆಗೆ ಬಳಸಿಬಿಟ್ಟಿದ್ದರು. ಜೋಡಿಸಿ ನಿಲ್ಲಿಸಿದಾಗ ಅದು ಸುಮಾರು ಒಂದೂವರೆ ಮೀಟರ್ ಎತ್ತರದ ವೇದಿಯಾಯಿತು. ಈ ಕೊಂಬುಗಳೇ ವೇದಿಯ ಅತ್ಯಂತ ಪವಿತ್ರ ಭಾಗ. ಪ್ರಾಣಭಯದಿಂದ ಓಡಿಬಂದ ಅದೋನೀಯನೂ ಸೇನಾಪತಿ ಯೋವಾಬನೂ ಹಿಡಿದುಕೊಂಡದ್ದು ವೇದಿಯ ಕೊಂಬುಗಳನ್ನೇ ಎಂದು ಅರಸುಗಳ ಚರಿತ್ರೆಯಲ್ಲಿದೆ. ಯೋವಾಬನಿಗೆ ಅದರಿಂದ ರಕ್ಷಣೆ ದೊರೆಯಲಿಲ್ಲವೆಂಬುದು ಬೇರೆ ಮಾತು.

ಪ್ರವಾದಿ ಯೆಹೆಜ್ಕೇಲನು ಮುಂದೆ ಕಟ್ಟಬೇಕಾದ ದೇವಾಲಯದ ವರ್ಣನೆಯಲ್ಲಿ, ವೇದಿಯ ಪ್ರತಿಷ್ಠೆಗಾಗಿ ರಕ್ತವನ್ನು ನಾಲ್ಕು ಕೊಂಬುಗಳಿಗೂ, ಜಗಲಿಯ ನಾಲ್ಕು ಮೂಲೆಗಳಿಗೂ, ಸುತ್ತಣ ಅಂಚಿಗೂ ಹಚ್ಚಬೇಕೆನ್ನುತ್ತಾನೆ. ಮೇಲಿನ ತುದಿ, ನಡುವಣ ಮೂಲೆ, ಅಂಚು ಎಂಬ ಕ್ರಮವನ್ನು ನೋಡಿರಿ. ತುದಿಗಳನ್ನು ಮುಟ್ಟಿದರೆ ಇಡೀ ವಸ್ತುವನ್ನು ಮುಟ್ಟಿದಂತೆ. ಕಿವಿಯು ಮನುಷ್ಯನ ಮೇಲಿನ ತುದಿ, ಕೈಯ ಹೆಬ್ಬೆರಳು ನಡುವಣ ತುದಿ, ಕಾಲಿನ ಹೆಬ್ಬೆರಳು ಕೆಳಗಿನ ತುದಿ. ವೇದಿಗೆ ಕೊಂಬುಗಳು ಹೇಗೋ ಮನುಷ್ಯನಿಗೆ ಈ ಮೂರು ಹಾಗೆ. ದೀಕ್ಷಿತನು ಈಗ ತಾನೂ ಒಂದು ವೇದಿಯಾಗುತ್ತಿದ್ದಾನೆ. ಕ್ರಿ.ಶ. ಒಂದನೆಯ ಶತಮಾನದ ಅಲೆಕ್ಸಾಂಡ್ರಿಯ ನಗರದ ಯೆಹೂದಿ ದಾರ್ಶನಿಕನಾದ ಫೈಲೋ ಇದಕ್ಕೆ ನೈತಿಕವಾದ ಅರ್ಥವನ್ನು ಹೇಳಿದ್ದಾನೆ: ಕಿವಿಯು ಮಾತಿನ ಶುದ್ಧಿಯನ್ನೂ, ಕೈ ಕ್ರಿಯೆಯ ಶುದ್ಧಿಯನ್ನೂ, ಕಾಲು ಬಾಳಿನ ನಡೆಯ ಶುದ್ಧಿಯನ್ನೂ ಸೂಚಿಸುತ್ತವೆಯಂತೆ. ಕೇಳಲು ಬಹಳ ಸೊಗಸಾದ ವ್ಯಾಖ್ಯಾನ. ನಡೆ-ನುಡಿಗಳ ಮಾತನ್ನು ಬಲ್ಲ ನಮಗೆ ಕೂಡಲೇ ಹಿಡಿಸುವಂತಹದು. ಆದರೆ ಇದು ಗ್ರೀಕ್ ತತ್ತ್ವಶಾಸ್ತ್ರವನ್ನು ಓದಿದವನ ವ್ಯಾಖ್ಯಾನವೇ ಹೊರತು, ಮೂಲದ ಯಾಜಕರ ಮನಸ್ಸಿನಲ್ಲಿ ಇದೇ ಇತ್ತೆಂದು ಹೇಳಲು ಶಾಸ್ತ್ರದಲ್ಲಿ ಆಧಾರವಿಲ್ಲ.

ಈಗ, ಮೊದಲು ಸೂಚಿಸಿದ ಆ ಅನಿರೀಕ್ಷಿತ ವ್ಯಕ್ತಿಯ ಮಾತು. ಇಡೀ ತೋರಾದಲ್ಲಿ ಈ ಮೂರು ಸ್ಥಳಗಳಿಗೆ ರಕ್ತವನ್ನು ಹಚ್ಚಿಸಿಕೊಳ್ಳುವವರು ಇಬ್ಬರೇ. ಒಬ್ಬನು ಯಾಜಕ. ಇನ್ನೊಬ್ಬನು, ಯಾಜಕಕಾಂಡದ ೧೪ನೆಯ ಅಧ್ಯಾಯದಲ್ಲಿ ಬರುವ, ಚರ್ಮರೋಗದಿಂದ ಬಹಿಷ್ಕೃತನಾಗಿ ಈಗ ಗುಣ ಹೊಂದಿದ ಮನುಷ್ಯ. ಹಳೆಯ ಅನುವಾದಗಳಲ್ಲಿ ಅವನನ್ನು ಕುಷ್ಠರೋಗಿಯೆಂದು ಕರೆದಿದೆ. ಆದರೆ ಮೂಲದ ‘ತ್ಸಾರಾತ್’ ಎಂಬುದು ನಾವಿಂದು ಕುಷ್ಠವೆನ್ನುವ ರೋಗವಲ್ಲವೆಂದು ಈಗಿನ ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ. ಬಟ್ಟೆಗೆ ಹಿಡಿಯುವ ಬೂಷ್ಟಿಗೂ ಗೋಡೆಯ ಮೇಲಿನ ಕಲೆಗೂ ಅಲ್ಲಿ ಅದೇ ಹೆಸರುಂಟು. ಅದೇನೇ ಇರಲಿ, ಆ ರೋಗಿಯ ಪಾಡು ಘೋರವಾಗಿತ್ತು. ಹರಿದ ಬಟ್ಟೆಯುಟ್ಟು, ತಲೆ ಕೆದರಿಕೊಂಡು, ತಾನು ಅಶುದ್ಧನೆಂದು ತಾನೇ ಕೂಗುತ್ತ, ಪಾಳೆಯದ ಹೊರಗೆ ಒಂಟಿಯಾಗಿ ಬಾಳಬೇಕಾಗಿತ್ತು.

ರೋಗವು ವಾಸಿಯಾದರೆ ಯಾಜಕನೇ ಪಾಳೆಯದಿಂದ ಹೊರಟು ಅವನಿದ್ದಲ್ಲಿಗೆ ಹೋಗಬೇಕು. ಎರಡು ಹಕ್ಕಿಗಳಲ್ಲಿ ಒಂದನ್ನು ಹರಿಯುವ ನೀರಿನ ಮೇಲೆ, ಮಣ್ಣಿನ ಪಾತ್ರೆಯಲ್ಲಿ ಕೊಂದು, ಅದರ ರಕ್ತವನ್ನು ಅವನ ಮೇಲೆ ಏಳು ಸಲ ಸಿಂಪಡಿಸಿ, ಇನ್ನೊಂದನ್ನು ಬಯಲಿಗೆ ಹಾರಿಬಿಡಬೇಕು. ಅವನು ಕ್ಷೌರ ಮಾಡಿಸಿಕೊಂಡು, ಸ್ನಾನ ಮಾಡಿ, ಪಾಳೆಯವನ್ನು ಸೇರಿದರೂ ಏಳು ದಿನ ತನ್ನ ಗುಡಾರದ ಹೊರಗೆ ಇರಬೇಕು. ಎಂಟನೆಯ ದಿನ ಕುರಿಮರಿಯ ರಕ್ತವನ್ನು ಅವನ ಬಲಗಿವಿಯ ತುದಿಗೆ, ಬಲಗೈಯ ಹೆಬ್ಬೆರಳಿಗೆ, ಬಲಗಾಲಿನ ಹೆಬ್ಬೆರಳಿಗೆ ಹಚ್ಚಿ, ಆ ರಕ್ತದ ಮೇಲೆಯೇ ತೈಲವನ್ನು ಹಚ್ಚಿ, ಮಿಕ್ಕ ತೈಲವನ್ನು ಅವನ ತಲೆಗೆ ಹಾಕಬೇಕು. ಆರೋನನೂ ಅವನ ಮಕ್ಕಳೂ ಏಳು ದಿನ ದೇವರ ಗುಡಾರದ ಬಾಗಿಲನ್ನು ಬಿಟ್ಟು ಕದಲಬಾರದಾಗಿತ್ತು, ಎಂಟನೆಯ ದಿನ ಅವರ ಸೇವೆ ಆರಂಭವಾಯಿತು. ಇವನು ಏಳು ದಿನ ತನ್ನ ಗುಡಾರದೊಳಗೆ ಕಾಲಿಡಬಾರದಾಗಿತ್ತು, ಎಂಟನೆಯ ದಿನ ಅವನ ಬಾಳು ಆರಂಭವಾಯಿತು. ಒಂದೇ ವಿಧಿಯ ಎರಡು ಮುಖಗಳಿವು.

ಇನ್ನೂ ಒಂದು ಸಂಗತಿಯಿದೆ. ಗುಣವಾದವನು ಬಡವನಾಗಿದ್ದರೆ ಶಾಸ್ತ್ರವು ಅವನಿಗೆ ವಿನಾಯಿತಿ ಕೊಡುತ್ತದೆ: ಬೇರೆ ಬಲಿಗಳಿಗೆ ಕುರಿಗಳ ಬದಲು ಎರಡು ಪಾರಿವಾಳ ಸಾಕು, ಹಿಟ್ಟಿನ ಅಳತೆ ಮೂರರಲ್ಲಿ ಒಂದು ಪಾಲು ಸಾಕು. ಆದರೆ ಕಿವಿ-ಕೈ-ಕಾಲುಗಳಿಗೆ ಹಚ್ಚುವ ರಕ್ತಕ್ಕೆ ಮಾತ್ರ ಕುರಿಮರಿಯೇ ಆಗಬೇಕು. ಅಲ್ಲಿ ಬಡವ-ಬಲ್ಲಿದರೆಂಬ ಭೇದವಿಲ್ಲ, ರಿಯಾಯಿತಿಯೂ ಇಲ್ಲ.

ಇದರಿಂದ ರಕ್ತದ ಸಂಕೇತಕ್ಕೆ ಒಂದು ಹೊಸ ಬೆಳಕು ದೊರೆಯುತ್ತದೆಂದು ನನಗೆ ತೋರುತ್ತದೆ. ಆ ಮೂರು ಬೊಟ್ಟುಗಳು ಯಾಜಕನ ಹಿರಿಮೆಯ ಲಾಂಛನವಾಗಿದ್ದ ಪಕ್ಷದಲ್ಲಿ, ಊರಿನಿಂದ ಹೊರದೂಡಲ್ಪಟ್ಟಿದ್ದವನ ಮೈಮೇಲೆ ಅವು ಎಂದಿಗೂ ಬರುತ್ತಿರಲಿಲ್ಲ. ಹಿರಿಮೆಯ ಲಾಂಛನಗಳು ಮುಂಡಾಸ, ಬಂಗಾರದ ಪಟ್ಟಿ, ಎದೆಪದಕಗಳು; ಅವು ರೋಗಿಗೆ ದೊರೆಯುವುದಿಲ್ಲ. ರಕ್ತವು ಗಡಿಯನ್ನು ದಾಟುವವನ ಗುರುತು. ಒಬ್ಬನು ಜನರ ನಡುವಿನಿಂದ ದೇವಸನ್ನಿಧಿಗೆ ದಾಟುತ್ತಾನೆ, ಇನ್ನೊಬ್ಬನು ಜೀವಂತ ಮರಣದಿಂದ ಜನರ ನಡುವಿಗೆ ದಾಟುತ್ತಾನೆ. ಎರಡು ದಾಟುಗಳಿಗೂ ಜೀವದ್ರವ್ಯವೇ ಬೇಕು. ಮೇಲೆ ಹೇಳಿದ ಎರಡು ಮತಗಳಲ್ಲಿ ಮಿಲ್‌ಗ್ರೋಮ್‌ರದು ವೇದಿಗೆ ಹತ್ತುವ ಹೋರಿಯ ರಕ್ತಕ್ಕೆ ಚೆನ್ನಾಗಿ ಹೊಂದುತ್ತದೆ. ಟಗರಿನ ರಕ್ತದ ವಿಷಯದಲ್ಲಿ ತೊಳೆಯುವ ಮಾತಿಗಿಂತ ಬೆಸೆಯುವ, ದಾಟಿಸುವ ಮಾತೇ ಹೆಚ್ಚು ಒಪ್ಪುತ್ತದೆ.

ಇದನ್ನು ಹೇಳುವಾಗ ಎಚ್ಚರವೂ ಬೇಕು. ಇಲ್ಲಿ ಸಮಾನತೆಯ ತತ್ತ್ವವನ್ನು ಓದಿಬಿಡುವುದು ಇತಿಹಾಸಕ್ಕೆ ಮಾಡುವ ಅಪಚಾರವಾದೀತು. ಇಸ್ರಾಯೇಲಿನ ಯಾಜಕತ್ವವು ಹುಟ್ಟಿನಿಂದ ಬರುವಂತಹದು. ಆರೋನನ ವಂಶದ ಹೊರಗಿನವನಿಗೆ ಅದು ಇಲ್ಲ. ಅದೇ ಲೇವಿಯ ಕುಲದ ಉಳಿದವರನ್ನು ಗುಡಾರದ ಸೇವೆಗೆ ನೇಮಿಸುವಾಗ ನೀರು ಚಿಮುಕಿಸಿ, ಮೈಯ ಕೂದಲನ್ನು ಬೋಳಿಸಿ, ಬಟ್ಟೆ ಒಗೆಸಿ ಮುಗಿಸಲಾಯಿತೆಂದು ಅರಣ್ಯಕಾಂಡವು ಹೇಳುತ್ತದೆ. ಅವರ ಮೈಗೆ ರಕ್ತವಿಲ್ಲ. ಗುಣವಾದ ರೋಗಿಯು ಮರಳಿ ಸಾಮಾನ್ಯನೇ ಆದನು, ಯಾಜಕನಾಗಲಿಲ್ಲ. ಆದರೂ, ತನ್ನ ಕೈಯಿಂದಲೇ ಆ ಬಹಿಷ್ಕೃತನ ಕಿವಿಯನ್ನು ಮುಟ್ಟಿ ರಕ್ತವನ್ನು ಹಚ್ಚುವಾಗ, ಯಾಜಕನಿಗೆ ತನ್ನ ಕಿವಿಗೂ ಒಮ್ಮೆ ಹೀಗೆಯೇ ಹಚ್ಚಲಾಗಿತ್ತೆಂಬುದು ನೆನಪಾಗದೆ ಇದ್ದೀತೆ?

ರಕ್ತವು ಯಾಜಕನಿಗೆ ರಕ್ಷಾಕವಚವೂ ಆಗಿರಲಿಲ್ಲ. ಎಂಟನೆಯ ದಿನದ ಪೂಜೆಯ ಕಥನದ ಬೆನ್ನಿಗೇ, ಆರೋನನ ಹಿರಿಯ ಮಕ್ಕಳಾದ ನಾದಾಬ್ ಮತ್ತು ಅಬೀಹೂ ಎಂಬವರು ಅಪ್ಪಣೆಯಿಲ್ಲದ ಬೆಂಕಿಯನ್ನು ತಂದು ಧೂಪ ಹಾಕಹೋಗಿ, ದೇವರ ಅಗ್ನಿಯಿಂದಲೇ ಸತ್ತರೆಂದು ಯಾಜಕಕಾಂಡವು ಹೇಳುತ್ತದೆ. ಅವರನ್ನು ಹೊರಗೆ ಹೊತ್ತೊಯ್ದದ್ದು ಅವರ ಅಂಗಿಗಳಲ್ಲಿಯೇ; ಕೆಲವೇ ದಿನಗಳ ಹಿಂದೆ ರಕ್ತ-ತೈಲಗಳ ಸಿಂಪರಣೆ ಪಡೆದ ಯಾಜಕವಸ್ತ್ರಗಳವು. ಆರೋನನು ಮೌನವಾಗಿದ್ದನೆಂದಷ್ಟೇ ಅಲ್ಲಿ ಬರೆದಿದೆ.

ಕಾಲಾನುಕ್ರಮದಲ್ಲಿ ಯಾಜಕರ ರಕ್ತದೀಕ್ಷೆಯು ಮರೆಗೆ ಸರಿಯಿತು. ಎರಡನೆಯ ದೇವಾಲಯದ ಕಾಲದಲ್ಲಿ ಅಭಿಷೇಕತೈಲವೂ ಇರಲಿಲ್ಲವೆಂದೂ, ಮಹಾಯಾಜಕನು ಎಂಟು ಉಡುಪುಗಳನ್ನು ತೊಡುವುದರಿಂದಲೇ ಅಧಿಕಾರವನ್ನು ಪಡೆಯುತ್ತಿದ್ದನೆಂದೂ ಯೆಹೂದಿ ಪರಂಪರೆಯು ಹೇಳುತ್ತದೆ. ಆದರೆ ಮೃತಸಮುದ್ರದ ಬಳಿಯ ಗುಹೆಗಳಲ್ಲಿ ದೊರೆತು, ೧೯೭೭ರಲ್ಲಿ ಯಿಗೇಲ್ ಯಾದೀನರು ಪ್ರಕಟಿಸಿದ ‘ದೇವಾಲಯದ ಸುರುಳಿ’ ಎಂಬ ಪ್ರಾಚೀನ ಗ್ರಂಥವು ಈ ದೀಕ್ಷೆಯನ್ನು ವರ್ಷಕ್ಕೊಮ್ಮೆ ಏಳು ದಿನಗಳ ಕಾಲ ನಡೆಸಬೇಕೆಂದು ವಿಧಿಸುತ್ತದೆ. ಆಚರಣೆ ನಿಂತರೂ ಅದರ ಹಂಬಲ ನಿಂತಿರಲಿಲ್ಲ. ಕ್ರಿ.ಶ. ೭೦ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯವನ್ನು ಸುಟ್ಟು ಕೆಡವಿದ ಮೇಲೆ ಬಲಿಯೂ ಇಲ್ಲ, ವೇದಿಯೂ ಇಲ್ಲ.

ಗುಣವಾದ ರೋಗಿಯ ವಿಧಿಯು ಮಾತ್ರ ಪಂಡಿತರ ನೆನಪಿನಲ್ಲಿ ವಿವರವಾಗಿ ಉಳಿದುಬಂತು. ಕ್ರಿ.ಶ. ೨೦೦ರ ಸುಮಾರಿಗೆ ಸಂಕಲಿತವಾದ ಮಿಷ್ನಾ ಗ್ರಂಥವು ಅದನ್ನು ಹೀಗೆ ವರ್ಣಿಸುತ್ತದೆ. ಅವನು ದೇವಾಲಯದ ಅಂಗಳದ ನಿಕನೋರ್ ಬಾಗಿಲಿನಲ್ಲಿ ನಿಲ್ಲುತ್ತಾನೆ. ಶುದ್ಧಿ ಪೂರ್ಣವಾಗುವವರೆಗೆ ಒಳಗೆ ಕಾಲಿಡುವ ಅಧಿಕಾರ ಅವನಿಗಿಲ್ಲ. ಒಳಗಿನ ರಕ್ತವು ಹತ್ತದೆ ಶುದ್ಧಿ ಪೂರ್ಣವಾಗುವುದಿಲ್ಲ. ಆದುದರಿಂದ ಹೊರಗೆ ನಿಂತು ತಲೆಯನ್ನು ಮಾತ್ರ ಒಳಗೆ ಚಾಚುತ್ತಾನೆ, ಯಾಜಕನು ಕಿವಿಗೆ ಹಚ್ಚುತ್ತಾನೆ. ಕೈ ಚಾಚುತ್ತಾನೆ, ಹೆಬ್ಬೆರಳಿಗೆ ಹಚ್ಚುತ್ತಾನೆ. ಕಾಲು ಚಾಚುತ್ತಾನೆ, ಕಾಲಿನ ಹೆಬ್ಬೆರಳಿಗೆ ಹಚ್ಚುತ್ತಾನೆ. ಮುಂದೆ ಒಂದು ಪ್ರಶ್ನೆ ಹುಟ್ಟಿತು. ಬಲಗೈಯ ಹೆಬ್ಬೆರಳೇ ಇಲ್ಲದವನ ಗತಿಯೇನು? ಅವನಿಗೆ ಶುದ್ಧಿ ಎಂದೆಂದಿಗೂ ಇಲ್ಲವೆಂದು ಒಂದು ಮತವು ಖಂಡಿತವಾಗಿ ಹೇಳಿತು. ಎಡಗೈಗೆ ಹಚ್ಚಿದರೂ ಸಲ್ಲುತ್ತದೆಂದರು ರಬ್ಬಿ ಸಿಮೆಯೋನ್. ಬೆರಳಿದ್ದ ಸ್ಥಳದ ಮೇಲೆಯೇ ಹಚ್ಚಿದರೆ ಸಾಕೆಂದರು ರಬ್ಬಿ ಎಲಿಯೇಜರ್. ಈ ವಾದವನ್ನು ಬರಹಕ್ಕಿಳಿಸುವ ಹೊತ್ತಿಗೆ ಆ ಬಾಗಿಲು ಸುಟ್ಟು ನೂರ ಮೂವತ್ತು ವರ್ಷಗಳಾಗಿದ್ದವು.